ತಟ್ಟೆಯ ನೀರು

ಮೀನುಗಳು ಸತ್ತ ಮೇಲೆ ಗಾಜಿನ ತೊಟ್ಟಿ
ಎರಡು ವರ್ಷ ಈರುಳ್ಳಿ ಹೊತ್ತಿತ್ತು.
ಈಗ ಅದರೊಳಗೊಂದು ಮಳೆಗಾಡು,
ಮೊಳದುದ್ದ, ಗೇಣಗಲ,
ಮತ್ತಿಕೆರೆಯ ಎರಡನೇ ಮಹಡಿಯಲ್ಲಿ
ಮಿಕ್ಸಿಯ ಪಕ್ಕ.

ಗಾಳಿಗೆ, ಎಸ್.ಪಿ. ರೋಡಿನಲ್ಲಿ ಆರಿಸಿ ತಂದ
ಹಳೇ ಕಂಪ್ಯೂಟರಿನ ಫ್ಯಾನು, ತೊಂಬತ್ತು ರೂಪಾಯಿ.
ಬಿಸಿಲಿಗೆ ಟ್ಯೂಬ್‌ಲೈಟು.
ಮಂಜಿಗೆ, ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ.
ನೀರು ಮಾತ್ರ ಕೊಂಡದ್ದು:
ಬೋರ್‌ವೆಲ್ಲಿನದು ಎಲೆ ಮೇಲೆ ಸುಣ್ಣ ಬಳಿಯುತ್ತದೆ,
ಕಾವೇರಿ ಬರುವುದು ಅವಳಿಗೆ ಮನಸ್ಸಾದ ದಿನ.
ಮೂಲೆಯ ಘಟಕಕ್ಕೆ ಐದರ ನಾಣ್ಯ ತುರುಕಿ
ಕ್ಯಾನು ಹೊತ್ತು ಮೆಟ್ಟಿಲು ಹತ್ತುವಾಗ
ಓನರ್ ಫಿಲೋಮಿನಮ್ಮ ಕೇಳುತ್ತಾರೆ, "ನೆಂಟರಾ?"
ಹೌದನ್ನುತ್ತೇನೆ.
ಸುಳ್ಳೇನಲ್ಲ. ದೂರದೂರಿನವರು,
ಮರದ ಮೇಲೆ ಕೂತರೂ ಮರವನ್ನು ತಿನ್ನದವರು,
ಮಣ್ಣು ಸೋಕಿದರೆ ಕೊಳೆಯುವವರು.

ಶಿವಾಜಿನಗರದ ಲ್ಯಾಬಿನಲ್ಲಿ ನನ್ನ ಕೆಲಸ.
ಆಗಸ್ಟ್ ಬಂತೆಂದರೆ ಪ್ಲೇಟ್‌ಲೆಟ್ಟು, ಪ್ಲೇಟ್‌ಲೆಟ್ಟು.
ಯಂತ್ರಕ್ಕೆ ಅನುಮಾನ ಬಂದಾಗ ಕಣ್ಣಿಂದ ಎಣಿಸುವವಳು ನಾನು:
ಕೆನ್ನೀಲಿ ಚುಕ್ಕೆ, ಚುಕ್ಕೆ, ಖಾಲಿ, ಖಾಲಿ, ಚುಕ್ಕೆ.
ಬೆಂಚಿನ ಮೇಲೆ ಕಾದವರ ಮುಖ ನೋಡದ ಹಾಗೆ
ಕಿಟಕಿಯ ಕಿಂಡಿಯಿಂದ ರಿಪೋರ್ಟು ಜಾರಿಸುತ್ತೇನೆ.
ಹದಿನಾಲ್ಕರ ಹುಡುಗಿ
(ವಯಸ್ಸಲ್ಲ, ಸಾವಿರ)
ಅವಳ ಹೆಸರು ನೆನಪುಳಿಯಬಾರದೆಂದು
ಬಸ್ಸಿನಲ್ಲಿ ಅಂಗಡಿ ಬೋರ್ಡುಗಳನ್ನೆಲ್ಲ ಓದುತ್ತ ಬಂದೆ.

ಮನೆಗೆ ಬಂದು ಕೈ ತೊಳೆದರೆ ಮತ್ತೆ ಮಸೂರ.
ಇದಕ್ಕೆ ಹತ್ತು ಪಟ್ಟು ಸಾಕು.
ಕಾಲಿಂಪಾಂಗಿನಿಂದ ಪಾಚಿ ಸುತ್ತಿಕೊಂಡು
ಅಂಚೆಯಲ್ಲಿ ಬಂದದ್ದು:
ಎಲೆ ಅಕ್ಕಿಕಾಳು, ಬೇರು ಹೊಲಿಗೆ ದಾರ.
ಹದಿನೇಳು ತಿಂಗಳು ಏನೂ ಮಾಡಲಿಲ್ಲ.
ಏನೂ ಮಾಡದಿರುವುದನ್ನು ಇಷ್ಟು ಶ್ರದ್ಧೆಯಿಂದ ಮಾಡುವವರನ್ನು
ನಮ್ಮ ಬೀದಿಯಲ್ಲಿ ನಾನು ಕಂಡಿಲ್ಲ.
ಆಮೇಲೆ ಒಂದು ಮಂಗಳವಾರ
ಎಲೆಯ ಬೆನ್ನಿಗೊರಗಿ ಹೂವು,
ಸಾಸಿವೆಯಷ್ಟು.
ತುಟಿಯಿದೆ, ತುಟಿಗೆ ಅಂಚಿದೆ, ಅಂಚಿಗೆ ರೋಮ,
ಒಳಗೆ ಹುಲಿಯ ಗಂಟಲು.
ಬರಿಗಣ್ಣಿಗೆ, ಒರೆಸಲು ಮರೆತ ಒಂದು ಕಲೆ.

ಭಾನುವಾರ ಬಾಗಿಲು ತಟ್ಟಿದ್ದು ಪುಟ್ಟಗೌರಮ್ಮ,
ಗುಲಾಬಿ ಸೀರೆ, ಟಾರ್ಚು, ಸೀಮೆಸುಣ್ಣ.
"ಲಾರ್ವಾ ನೋಡ್ಬೇಕಮ್ಮ. ಡ್ರಮ್ಮು? ಫ್ರಿಜ್ಜಿನ ಹಿಂದೆ?"
ಎಲ್ಲ ತೋರಿಸಿದೆ. ತೊಟ್ಟಿ ತೋರಿಸಲಿಲ್ಲ.
ಟ್ಯೂಬ್‌ಲೈಟು ತೋರಿಸಿಕೊಟ್ಟಿತು.

ತಳದಲ್ಲಿ ಜಲ್ಲಿಯ ತಟ್ಟೆ, ತೇವಕ್ಕೆಂದು ಎರಡು ಬೆರಳು ನೀರು.
ಟಾರ್ಚಿನ ಬೆಳಕಿನಲ್ಲಿ
ಅಲ್ಪವಿರಾಮಗಳು ಕುಣಿಯುತ್ತಿದ್ದವು.
ಎಣಿಸುವುದು ನನಗೆ ಬರುತ್ತದೆ.
ಎಣಿಸಲಿಲ್ಲ.

"ಬಚ್ಚಲಿಗೆ ಬೇಡ, ಬಿಸಿಲಿಗೆ ಸುರೀರಿ, ಒಣಗಿ ಸಾಯ್ಲಿ."
ಟೆರೇಸಿನ ಸಿಮೆಂಟಿನ ಮೇಲೆ ಸುರಿದೆವು, ಇಬ್ಬರೂ ನಿಂತು ನೋಡಿದೆವು.
ಇಳಿದು ಬಂದು ಕೇಳಿದರು, "ಇಷ್ಟೆಲ್ಲ ಯಾರಿಗೆ?"
ಮಸೂರ ಕೊಟ್ಟೆ.
ಉಸಿರಿಗೆ ಗಾಜು ಮಸುಕಾಯಿತು, ಸೆರಗಿನಿಂದ ಒರೆಸಿದರು.
"ಮುಡಿಯೋಕಾಗಲ್ಲ, ದೇವರಿಗಾಗಲ್ಲ,"
ಅಂದು ಮಸೂರ ವಾಪಸ್ಸು ಕೊಟ್ಟು
ಪುಸ್ತಕದಲ್ಲಿ ಬರೆದುಕೊಂಡರು: ಪಾತ್ರೆ ಒಂದು, ಲಾರ್ವಾ ಇದೆ.
ಬಾಗಿಲ ಚೌಕಟ್ಟಿಗೆ ತಾರೀಖು ಗೀಚಿದರು.
ಮೆಟ್ಟಿಲ ತಿರುವಿನಿಂದ ಮತ್ತೆ ಬಂದರು.
"ಇನ್ನೊಂದ್ಸಲ ಕೊಡಿ."

ಹದಿನಾಲ್ಕರ ಹುಡುಗಿಯ ಎರಡನೇ ಸ್ಯಾಂಪಲ್
ನಮ್ಮಲ್ಲಿಗೆ ಬರಲಿಲ್ಲ.
ಬೇರೆ ಲ್ಯಾಬಿಗೆ ಹೋಗಿರಬಹುದು.
ಮನೆ ಹತ್ತಿರ ಯಾವುದಾದರೂ ಇರಬಹುದು.

ತಟ್ಟೆ ತೆಗೆದಿಟ್ಟಿದ್ದೇನೆ. ಈಗ ಐದಕ್ಕೊಮ್ಮೆ, ಹತ್ತಕ್ಕೊಮ್ಮೆ,
ರಾತ್ರಿ ಎರಡಕ್ಕೆ ಎದ್ದು ಒಮ್ಮೆ
ಬಾಟಲಿಯ ಮಂಜು.
ಎಲೆಯ ಒಂದು ತುದಿ ಕಂದಿದೆ, ಹೂವು ಬಿಟ್ಟಿಲ್ಲ.
ಸೀಮೆಸುಣ್ಣದ ತಾರೀಖು ಅಳಿಸಿಲ್ಲ.
"ನೆಂಟರು ಹೊರಟರಾ?" ಫಿಲೋಮಿನಮ್ಮ.
ಇದ್ದಾರೆ, ಅಂದೆ.
ನೀರು ಮಾತ್ರ ನಿಲ್ಲಿಸಿಡುವ ಹಾಗಿಲ್ಲ.