ಹೊನ್ನಗಂಗಮ್ಮ ಸಿಸ್ಟರಿಗೆ ಒಂದೆಳೆ

ಹಾಸನದ ಸಂತೆಪೇಟೆಯಲ್ಲಿ, ಮಹಡಿ ಮೆಟ್ಟಿಲ ಕೆಳಗೆ
ಸಫೂರಾ ಆಪಾಳ ಅಂಗಡಿ.
ತಲೆ ಬಗ್ಗಿಸದೆ ಯಾರಿಗೂ ಅಲ್ಲಿ ಮಣಿ ಸಿಗುವುದಿಲ್ಲ.
ಒಳಗೆ ಒಂದು ಬಲ್ಬು, ಒಂದು ತಕ್ಕಡಿ,
ಗೋಡೆಯುದ್ದ ಬಿಸ್ಕತ್ತಿನ ಹಳೇ ಡಬ್ಬಗಳು.

ನನ್ನ ಚೀಲದಲ್ಲಿ ಸಾವಿರದ ಎಂಟುನೂರ ಐವತ್ತು,
ಹೆರಿಗೆ ವಾರ್ಡಿನವರು ಕೂಡಿಸಿದ್ದು:
ಡಾಕ್ಟರಮ್ಮ ಐನೂರು, ಆಯಾ ಜವರಮ್ಮ ಇಪ್ಪತ್ತು,
ಲ್ಯಾಬಿನ ನನ್ನದು ನೂರು ಮತ್ತು ಕೈಕೆಲಸ.
ಮೂವತ್ತೊಂದಕ್ಕೆ ಸಿಸ್ಟರು ರಿಟೈರು.

"ಕೊರಳು ಹೆಂಗಿದೆ? ಉದ್ದಾನಾ, ಗಿಡ್ಡಾನಾ?"

ಹೆಂಗಿದೆ?
ಹತ್ತೊಂಬತ್ತು ವರ್ಷ ಒಂದೇ ಕಾರಿಡಾರು ತುಳಿದವಳು
ಕಂಡಿದ್ದು ಹಿಂದಿನಿಂದ, ಮಾಸ್ಕಿನ ಲಾಡಿಯ ಗಂಟು.
ಹೆಸರಲ್ಲಷ್ಟೇ ಹೊನ್ನು, ಮಿಕ್ಕದ್ದೆಲ್ಲ ಬರಿದು.
"ಕೂಸಿಗೆ ತರಚುತ್ತೆ ಕಣಮ್ಮಿ" ಅಂದಿದ್ದರು ಒಮ್ಮೆ,
ಕೈ ತೊಳೆಯುತ್ತ, ನನ್ನ ಕಡೆ ನೋಡದೆ.

"ಗೊತ್ತಿಲ್ಲ ಆಪಾ."
"ಹಂಗಾದ್ರೆ ಕೊಂಡಿ ಹತ್ರ ಎರಡಂಗುಲ ಸರಪಣಿ ಬಿಡು,
ಬೇಕಾದ ಕಡೆ ಸಿಗಿಸ್ಕೋತಾರೆ."

ಮೊದಲು ಸ್ಫಟಿಕ.
ಒಂದು ಹರಳೆತ್ತಿ ನನ್ನ ಕೆನ್ನೆಗೆ ಒತ್ತಿದಳು:
ತಣ್ಣಗೆ. ಇಪ್ಪತ್ತು ಎಣಿಸಿದೆ, ಆಗಲೂ ತಣ್ಣಗೆ,
ಯಾರ ಮಾತಿಗೂ ಕರಗದ ಹೆಡ್ ಕ್ಲಾರ್ಕಿನ ಹಾಗೆ.
ಆಮೇಲೆ ಗಾಜು. ಅದು ಐದೆಣಿಸುವುದರೊಳಗೆ
ನನ್ನ ಬಿಸಿಯನ್ನೇ ತನ್ನದು ಮಾಡಿಕೊಂಡು
ಕೆನ್ನೆಗೆ ಒರಗಿಬಿಟ್ಟಿತು.

"ಇದು ನೆಲ ಹಡೆದದ್ದು, ಅದು ಬೆಂಕಿ ಹಡೆದದ್ದು."
ನಗು ಬಂತು. ಹಡೆದ ಸುದ್ದಿ ನನಗೆ
ಇಲ್ಲೂ ತಪ್ಪಲಿಲ್ಲವಲ್ಲ.

ಕೆಂಪು ತೆಗೆದಳು. ಬೇಡ,
ಸಂಜೆಯ ತನಕ ಅದನ್ನೇ ಸ್ಲೈಡಿನ ಮೇಲೆ ಸವರುವವಳು ನಾನು.
ಹಳದಿ ಡಬ್ಬ ತೆರೆದಳು:
ಮೂರನೇ ದಿನದ ಕೂಸಿನ ಕಣ್ಣು. ಮುಚ್ಚಿಸಿದೆ.
ನೀಲಿ ಚೆನ್ನಾಗಿತ್ತು. ಆದರೆ ಚೆನ್ನಾಗಿತ್ತು, ಅಷ್ಟೆ.

ತಳದ ಡಬ್ಬದಲ್ಲಿ ಕಂದು ಗಾಜು.
ಯಾರೂ ಕೇಳದ ಮಾಲು, ಧೂಳು ಊದಿ ಸುರಿದಳು ತಟ್ಟೆಗೆ,
ಟಿಕ್ಕೆಂದು ಒಂದು ಮತ್ತೊಂದಕ್ಕೆ ತಾಗಿತು.

ಆ ಸದ್ದು ನನಗೆ ಗೊತ್ತು.
ರಾತ್ರಿ ಎರಡೂಕಾಲಿಗೆ, ನೆತ್ತರು ನಿಲ್ಲದ ಬಾಣಂತಿಯ ಪಕ್ಕ
ಸಿಸ್ಟರ ಹೆಬ್ಬೆರಳು ಮುರಿಯುತ್ತಿದ್ದ ಕಂದು ಆಂಪೂಲಿನ ಕತ್ತು.
ಟಿಕ್. ಸೂಜಿ. ಮತ್ತೆ ಟಿಕ್.
ಬಾಗಿಲಲ್ಲಿ ರಕ್ತದ ಬಾಟಲಿ ಹಿಡಿದು ನಿಂತ ನನಗೆ
ಅವರ ಹೆಬ್ಬೆರಳಿನ ಸಣ್ಣ ಗೀರುಗಳು ಕಂಡಿದ್ದವು,
ಅಕ್ಕಿ ಆರಿಸುವ ಮೊರದ ಗೆರೆಗಳಷ್ಟು.

"ಇದಾ?" ಅಂದಳು ಆಪಾ. "ಇದರಲ್ಲಿ ಗುಳ್ಳೆ ಐತೆ ನೋಡು."
ಇದೆ, ಸಾಸಿವೆಯಷ್ಟು ಗಾಳಿ, ಕೆಲವಕ್ಕೆ ಎರಡು.
"ಇರಲಿ."
"ಕಣ್ಣಾದ್ರೂ ನೋಡಿ ತಗೋ. ಅಂಚು ಒಡೆದಿದ್ರೆ
ದಾರಾನ ಒಳಗೊಳಗೇ ತಿನ್ನುತ್ತೆ."
ಒಂದೊಂದರ ಕಣ್ಣಿಗೂ ದಾರ ಹಾಕಿ ಎಳೆದು ನೋಡಿದೆವು,
ಇಬ್ಬರೂ ಮಾತಿಲ್ಲದೆ, ಮಗ್ರಿಬ್ ಕೂಗುವ ತನಕ.
ತೂಕ ಎಪ್ಪತ್ತು ಗ್ರಾಂ. ಸ್ಫಟಿಕ ಒಂದೇ ಒಂದು, ನಡುವಿಗೆ.
ಉಳಿದ ದುಡ್ಡಿಗೆ ಬೆಳ್ಳಿ ಕೊಂಡಿ.

ರಾತ್ರಿ ಮನೆಯಲ್ಲಿ ಸ್ಟೀಲಿನ ತಟ್ಟೆಗೆ ಬಟ್ಟೆ ಹಾಸಿ
ಪೋಣಿಸಿದೆ. ಎರಡು ಸಲ ಲೆಕ್ಕ ತಪ್ಪಿತು,
ಕಣ ಎಣಿಸುವ ಕಣ್ಣಿಗೂ ಮಣಿ ಎಣಿಸುವುದು ಬೇರೆ.
ಅಳತೆಗೆಂದು ನನ್ನ ಕೊರಳಿಗೇ ಹಾಕಿಕೊಂಡೆ,
ಅರೆಗಳಿಗೆಯಲ್ಲೇ ಬೆಚ್ಚಗಾಯಿತು, ನಡುವಿನದೊಂದು ಬಿಟ್ಟು.
ತೆಗೆದೆ. ನನ್ನ ಬಿಸಿ ಆರಲೆಂದು ಕಿಟಕಿಯ ಬಳಿ ಇಟ್ಟೆ.

ಆಮೇಲೆ ನೆನಪಾಗಿ
ಉಗುರು ಉಜ್ಜುವ ಅರ ಹುಡುಕಿ
ಕೊಂಡಿಯ ತುದಿಯನ್ನು ಉಜ್ಜುತ್ತ ಕೂತೆ.
ಎತ್ತಿಕೊಳ್ಳಲು ಇನ್ನು ಕೂಸಿಲ್ಲ ಅವರಿಗೆ, ಗೊತ್ತು.
ಆದರೂ ಉಜ್ಜಿ, ಕಣ್ಣು ಮುಚ್ಚಿ
ನನ್ನ ರೆಪ್ಪೆಯ ಮೇಲೆ ಎಳೆದು ನೋಡಿದೆ.
ಇನ್ನೂ ಸ್ವಲ್ಪ ಇತ್ತು.
ಮತ್ತೆ ಉಜ್ಜಿದೆ.