ಮೂರು ಸೂತ ಕಮ್ಮಿ

ಗಡಿ ನಾನು ನೋಡಿಲ್ಲ.
ಹುಬ್ಬಳ್ಳಿ ತಾರಿಹಾಳದ ಒಂದು ತಗಡಿನ ಶೆಡ್ಡಿನಾಗ
ಹನ್ನೊಂದು ತಿಂಗಳು ಅದರ ಕಂಬ ಎಣಿಸೀನಿ.
ಯಾವ ಗಡಿ ಅಂತ ಚಲನ್‌ದಾಗ ಇರಲಿಲ್ಲ.
‘ಸ್ಥಳ: ನಂತರ ತಿಳಿಸಲಾಗುವುದು’ ಅಂತಿತ್ತು.

ರೊಕ್ಕ ಹೊಂಟ ಸ್ಥಳ ಮಾತ್ರ ಪೇಪರಿನಾಗ ಬಂದಿತ್ತು,
ಕಿಲೋಮೀಟರಿಗೆ ಇಷ್ಟು ಕೋಟಿ ಅಂತ.
ದಿಲ್ಲಿಯ ಕಂಪನಿಗೆ ಟೆಂಡರ್ ಆತು.
ಅವರು ಪುಣೆಯವರಿಗೆ ಕೊಟ್ಟರು,
ಪುಣೆಯವರು ಬೆಳಗಾವಿಯವರಿಗೆ,
ಬೆಳಗಾವಿಯವರು ನಮ್ಮ ಮಾಲಕ ಬಸೆಟ್ಟೆಪ್ಪಗ.
ಬೀಗರ ಮದವಿಯ ಪಂಕ್ತಿಯೊಳಗ ಕುಂತು,
ಎಲಿ ಮ್ಯಾಲೆ ಹುಗ್ಗಿ ಬೀಳೂದರೊಳಗ ಅಂವಾ ರೇಟು ಮುಗಿಸಿದ್ದ.
ಹಿಂಗ ಇಳಕೋತ ಇಳಕೋತ ಬಂದ ಕೋಟಿ
ವೆಲ್ಡಿಂಗ್ ಗುಡುಸಾಬನ ಕೈ ಮುಟ್ಟಿದಾಗ
ಜಾಯಿಂಟಿಗೆ ನಾಕು ರೂಪಾಯಿ ಎಪ್ಪತ್ತೈದು ಪೈಸೆ.

ಎಪ್ಪತ್ತೈದು ಯಾಕ್ರಿ, ಐದು ಮಾಡ್ರಿ ಅಂದೆ.
‘ಹಂಗ ಮಾಡಿದರ ದೇಶಕ್ಕ ಲುಕ್ಸಾನ’ ಅಂದ ಬಸೆಟ್ಟೆಪ್ಪ.
ನಗಲಿಲ್ಲ.

ಕಂಬದ ಮ್ಯಾಲೆ ನಂಬರ್ ಬರಿಯಾಕಿ ನೀಲಗಂಗವ್ವ.
ಸಾಲಿ ಕಲ್ತಾಕಿ ಅಲ್ಲ, ಸಿಟಿ ಬಸ್ಸಿನ ಹಣಿ ನೋಡಿ ಅಂಕಿ ಕಲ್ತಾಕಿ.
ಏಳರ ನಡಕ್ಕ ಒಂದು ಅಡ್ಡಗೆರಿ ಎಳೀತಿದ್ದಳು.
ಬ್ಯಾಡಬೇ ಅಂದರ, ‘ಇರಲಿ ಬಿಡ್ರಿ, ಸೊಂಟಕ್ಕ ಡಾಬು’ ಅನ್ನಾಕಿ.
ಒಂದು ನಂಬರಿಗೆ ಒಂದೂವರಿ ರೂಪಾಯಿ.

ಒಂದಿನ ತಪ್ಪಿ ನನ್ನ ಮೊಬೈಲಿಗೆ
ಮ್ಯಾಲಿನವರ ಎಸ್ಟಿಮೇಟಿನ ಒಂದು ಹಾಳಿ ಬಂತು.
‘ಬಣ್ಣ ಮತ್ತು ಸಂಖ್ಯೆ, ಕಂಬವೊಂದಕ್ಕೆ: ಎಂಬತ್ತಾರು.’
ಆಕಿ ಎದುರಿಗೇ ಇದ್ದಳು. ಬ್ರಶ್ಶು ಸೀಮಿಎಣ್ಣಿಯೊಳಗ ಅದ್ದಿ ತೊಳಿಯಾಕತ್ತಿದ್ದಳು.
ನಾನು ತೋರಿಸಲಿಲ್ಲ.
ಚಾ ಕುಡಿದೆ. ಅಳಿಸಿದೆ.
ಇಷ್ಟು ಹೇಳಾಕ ನನಗ ಇಷ್ಟು ಸಾಲು ಬೇಕಾದವು.

ಮಾರ್ಚ್ ಕಡೀಕ ಇನ್ಸ್ಪೆಕ್ಷನ್ನಿನವ ಬಂದ.
ಹೊಸಾ ಸ್ಟೀಲ್ ಟೇಪು, ಬೆಳ್ಳನ್ನ ಬೂಟು.
ಮುನ್ನೂರ ನಲವತ್ತು ಕಂಬ ಮೂರು ಸೂತ ಕಮ್ಮಿ.
‘ಮೂರು ಸೂತದಾಗ ಯಾರು ನುಸುಳ್ತಾರ್ರೀ ಸಾಹೇಬ್ರ?’
ಗುಡುಸಾಬ ಕೇಳಿದ್ದು ಬರೇ ಕೇಳಿದ್ದು.
ಸಾಹೇಬ ಬರಕೊಂಡ. ಏನು ಬರಕೊಂಡನೋ.

ಮೂವತ್ತೊಂದರ ರಾತ್ರಿ ಹನ್ನೊಂದೂವರಿಗೆ
ಮ್ಯಾಲಿನವರ ಬಿಲ್ಲು ಪಾಸಾತು.
ನಮ್ಮದು ದಾಟಿ ಏಪ್ರಿಲ್ಲಿನಾಗ ಬಿತ್ತು.
ಏಪ್ರಿಲ್ಲಿನಾಗ ಬಾಬತ್ತೇ ಬ್ಯಾರೆ:
ಬೇಲಿ ಮುಗದಿತ್ತು, ‘ಬೇಲಿ ದುರಸ್ತಿ’ ಸುರು ಆಗಿತ್ತು.
ಶೆಡ್ಡಿನ ಹಿಂದ ಕಂಬ ಜಂಗು ತಿಂದವು.
ಮಳಿಗಾಲ ಮುಗೀತು, ಗುಜರಿಯವ ಬಂದ.

ಮೊನ್ನೆ ಕುಂದಗೋಳದ ಕಡೆ ನಿಶ್ಚಯಕ್ಕ ಹೋಗಿದ್ದೆ.
ದಾರಿಯ ಮಗ್ಗಲಕ್ಕ ಒಂದು ಎಮ್ಮಿ ಶೆಡ್ಡು.
ಮೂಲಿಯ ಕಂಬದ ಮ್ಯಾಲೆ ಬಿಳಿ ಬಣ್ಣ, ೨೧೭,
ಏಳಕ್ಕ ಡಾಬು.
ಎಮ್ಮಿ ಅದಕ್ಕ ಕುತ್ತಿಗಿ ತಿಕ್ಕಿ ತಿಕ್ಕಿ
ಎರಡರ ತಲಿ ಅರ್ಧ ಅಳಿಸಿ ಹೋಗೇತಿ.
ಕಿಸೆದಾಗಿನ ಟೇಪು ತಗದೆ.
ಮತ್ತ ಒಳಗ ಇಟಗೊಂಡೆ.

ಮನೀಯಾಕಿ ಹೊರಗ ಬಂದಳು.
‘ಯಾರ್ರೀ, ಸರ್ವೇದವರೇನು?’
ಅಲ್ಲವಾ, ಹಿಂಗ, ಕಂಬ ನೋಡಾಕತ್ತಿದ್ದೆ.
ಆಕಿ ಅಂಗೈಲೆ ಅದನ್ನ ಒಮ್ಮೆ ಬಡದು ತೋರಿಸಿದಳು,
‘ಗಟ್ಟಿ ಐತ್ರಿ. ಮಿಲಿಟ್ರಿ ಮಾಲಂತ.
ಕೇಜಿಗೆ ಮೂವತ್ತೆರಡು ಬಿತ್ತು.’