ಬಂಡೆಯ ಬದಿಯಲ್ಲಿ ಸಾಸಿವೆ

ವಿತ್ಕಾಟ್ ದಾಟಿದ ಕೂಡಲೇ ರಸ್ತೆ ಮೂಗು ಮೇಲೆತ್ತುತ್ತದೆ.
ಫೆಬ್ರವರಿ. ಮೂವತ್ತೇಳು ಡಿಗ್ರಿ. ಎಸಿ ಬಂದ್,
ನಾಲ್ಕೂ ಕಿಟಕಿ ಕೆಳಗೆ, ಹಾರ್ಟ್‌ವಿಗ್‌ನ ಅಪ್ಪಣೆ.
ಎಡಕ್ಕೆ ಕೊರೆದ ಬಂಡೆ, ಸದ್ದನ್ನು ನಮಗೇ ವಾಪಸು ಎಸೆಯಲು.
"ತುಳಿ," ಎನ್ನುತ್ತಾನೆ. "ಇನ್ನೂ. ನೆಲ ಮುಟ್ಟಿಸು."

ಎರಡು ಟನ್ನಿನ ಎಸ್‌ಯುವಿ, ಹದಿನಾರು ವರ್ಷದ್ದು,
ಹಿಂದಿನ ಸೀಟಿನಲ್ಲಿ ನನ್ನ ಶ್ರವಣ ಪರೀಕ್ಷೆಯ ಪೆಟ್ಟಿಗೆ.
ಸೋಮವಾರ ಡಾಲ್ಬಿ, ಬುಧವಾರ ಚಿಂಚಿಲ್ಲಾ,
ಊರೂರಿನ ಕಿವಿ ಅಳೆದು ಬದುಕುವವಳು ನಾನು.
ಕಳೆದ ತಿಂಗಳು ಟುವೂಂಬಾದಲ್ಲಿ ಇವನದನ್ನೂ ಅಳೆದಿದ್ದೆ.
ನಾಲ್ಕು ಸಾವಿರ ಹರ್ಟ್ಸಿನಾಚೆ ಇವನ ಗೆರೆ
ಅಟ್ಟದಿಂದ ಕಾಲು ಜಾರಿದವನ ಹಾಗೆ, ನೆಟ್ಟಗೆ ಕೆಳಗೆ.
ನಲವತ್ತು ವರ್ಷದ ಗಾಳಿಗನ್ನು, ಗ್ರೈಂಡರು.
ಸದ್ದೇ ಇಲ್ಲದಾಗಲೂ ಎರಡು ಸಲ ಗುಂಡಿ ಒತ್ತಿದ್ದ.
ಬರೆದುಕೊಂಡಿದ್ದೆ.
ನಾನು ಕೊಟ್ಟ ಯಂತ್ರ ಈಗ ಅವನ ಡ್ರಾಯರಿನಲ್ಲಿದೆ, ಹಳೆ ಫ್ಯೂಸುಗಳ ಜೊತೆ.

"ಏನು ಕೇಳಿಸುತ್ತೆ?"
"ರ‍್ಯಾಟಲ್."
"ಅದು ಎಲ್ಲರೂ ಹೇಳೋದು. ಎಂಥದ್ದು?
ತಗಡು ನಡುಗಿದ್ದೋ? ಸರಪಳಿ ಎಳೆದದ್ದೋ? ಡಬ್ಬದೊಳಗೆ ಗೋಲಿಯೋ?"
ಇಂಗ್ಲಿಷಿನಲ್ಲಿ ತಡಕಾಡಿದೆ. ಅಷ್ಟರಲ್ಲಿ
ಕನ್ನಡದಲ್ಲಿ ಬಾಣಲೆ ಕಾದಿತ್ತು.
ಚಟ್. ಚಟಚಟ. ಚಿಟಿಚಿಟಿಚಿಟಿಚಿಟಿ
"ಸಾಸಿವೆ!" ಗಾಳಿಯ ಮೇಲೆ ಕೂಗಿದೆ. "ಕಾದೆಣ್ಣೆಗೆ ಬಿದ್ದ ಸಾಸಿವೆ!
ತುಳಿದರೆ ಸಿಡಿಯುತ್ತೆ.
ಕಾಲು ತೆಗೆದರೆ ತಟ್ಟೆ ಮುಚ್ಚಿದ ಹಾಗೆ."

ಒಗ್ಗರಣೆ ಕಂಡವನಲ್ಲ. ಆದರೂ ಬಹಳ ಹೊತ್ತು ತಲೆಯಾಡಿಸಿದ.
ತಗಡಾಗಿದ್ದರೆ ನಿಂತಲ್ಲೂ ನಡುಗುತ್ತಿತ್ತು, ಎಂದ.

ಪೆಟ್ರೋಲು ಆಗಲೇ ಬದಲಿಸಿದ್ದೆ,
ತೊಂಬತ್ತೊಂದರಿಂದ ತೊಂಬತ್ತೆಂಟಕ್ಕೆ, ಎರಡು ಟ್ಯಾಂಕು ತುಂಬ ದುಡ್ಡು.
ತುಸು ಮೆತ್ತಗಾಯಿತೇ ಹೊರತು ನಿಲ್ಲಲಿಲ್ಲ.
ಶೆಡ್ಡಿಗೆ ಬಂದು ಬಾನೆಟ್ಟಿನೊಳಗೆ ಅರ್ಧ ಮುಳುಗಿದ.
ಎಂಜಿನ್ನಿಗೂ ಕಿವಿಯಿದೆಯಂತೆ, ಹೆಬ್ಬೆರಳಷ್ಟು,
ಬ್ಲಾಕಿಗೆ ಬಿಗಿದದ್ದು. ಅದರ ಪಕ್ಕ ಸ್ಪ್ಯಾನರಿನಿಂದ ಕುಟ್ಟಿದ;
ಪರದೆಯ ಮೇಲೆ ಗೆರೆ ಬೆಚ್ಚಿಬಿತ್ತು.
"ಇದು ಕಿವುಡಲ್ಲ," ಎಂದ, ನನ್ನತ್ತ ನೋಡದೆ.
"ಪೆಟ್ಟು ಕೇಳಿದಾಗೆಲ್ಲ ಕಿಡಿಯನ್ನು ಹಿಂದಕ್ಕೆ ಸರಿಸ್ತಾ ಇದೆ, ಪಾಪ.
ಎಷ್ಟು ಅಂತ ಸರಿಸೀತು?"

ಪ್ಲಗ್ಗು ಕಳಚಿದ ತೂತಿನಲ್ಲಿ ಪುಟ್ಟ ಕ್ಯಾಮೆರಾ ಇಳಿಯಿತು.
ಪಿಸ್ಟನ್ನಿನ ನೆತ್ತಿಯ ಮೇಲೆ ಮಸಿ,
ಹೊತ್ತಿದ ಹಪ್ಪಳದಂತೆ ಎದ್ದು, ಬಿರಿದು.
ಹಿಂದಿನ ಒಡತಿ ಶಾಲೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಶಾಲೆ;
ಈ ಎಂಜಿನ್ನು ಒಂದು ದಿನವೂ ಮೈತುಂಬ ಕಾದದ್ದಿಲ್ಲ.
ಬೂದಿ ಮುಚ್ಚಿದ ಕೆಂಡ ಎನ್ನುತ್ತೇವೆ ನಾವು, ಮನುಷ್ಯರಿಗೆ.
ಇಲ್ಲಿ ಅದು ಬರೀ ವರದಿ:
ಮಸಿಯ ಒಂದು ಮೂಲೆ ಕೆಂಪಗೆ ಉಳಿದು
ಕಿಡಿ ಬರುವ ಮೊದಲೇ ಹೊತ್ತಿಸಿಬಿಡುತ್ತದೆ,
ಇನ್ನೂ ಏರುತ್ತಿರುವ ಪಿಸ್ಟನ್ನಿಗೆ ಎದುರಿಂದ ಏಟು.

ಎರಡು ದಿನ ನೆನೆಸಿದ, ಕೆರೆದ, ಹೀರಿಸಿದ.
ಕಟ್ಟಿಹೋಗಿದ್ದ ಇಜಿಆರ್ ಕೊಳವೆಯಿಂದ
ಒಂದು ಹಿಡಿ ಕಪ್ಪು ತೆಗೆದು ಪತ್ರಿಕೆಯ ಮೇಲಿಟ್ಟು ತೋರಿಸಿದ,
ಹಲ್ಲು ಕಿತ್ತ ವೈದ್ಯರು ಹಲ್ಲು ತೋರಿಸುವ ಹಾಗೆ.

ಗುರುವಾರ, ಮತ್ತೆ ವಿತ್ಕಾಟ್. ಅದೇ ಬಿಸಿಲು.
ಲಾರಿಗಳೆಲ್ಲ ಈಗ ಸುಂಕದ ಹೊಸ ರಸ್ತೆ ಹಿಡಿದಿವೆ, ಏರು ನಮ್ಮದೇ.
"ಕೇಳಿದರೆ ಬೆರಳೆತ್ತು," ಎಂದ.
"ಕೇಳದಿದ್ದರೆ ಎತ್ತಬೇಡ. ನನ್ನ ಹಾಗೆ ಮಾಡಬೇಡ."

ನೆಲ ಮುಟ್ಟಿಸಿದೆ.
ಬಂಡೆ ವಾಪಸು ಎಸೆದದ್ದು ಗಾಳಿ, ಟೈರು, ಎಂಜಿನ್ನಿನ ದಪ್ಪ ಉಸಿರು.
ಮೊದಲ ತಿರುವು. ಎರಡನೆಯದು.
ಅವನು ರಸ್ತೆ ನೋಡುತ್ತಿರಲಿಲ್ಲ,
ಸ್ಟೀರಿಂಗಿನ ಮೇಲಿನ ನನ್ನ ಕೈ ನೋಡುತ್ತಿದ್ದ.

ಮೂರನೆಯ ತಿರುವಿನ ಕೊನೆಗೆ:
ಚಟ್.

ತೋರುಬೆರಳು ಎತ್ತಿದೆ.
"ಒಂದೇ?"
"ಒಂದೇ."
"ಅದನ್ನು ಬಿಲ್ಲಿನಲ್ಲಿ ಕಳೀತೀನಿ," ಎಂದು
ಎಡಗಿವಿಯನ್ನು ಕಿಟಕಿಯಾಚೆ ಚಾಚಿ ಕೂತ, ಬೆಟ್ಟ ಮುಗಿಯುವ ತನಕ.
ಡ್ರಾಯರಿನ ಮಾತು ನಾನು ಎತ್ತಲಿಲ್ಲ.